ಸಿನಿಮಾದಲ್ಲಿ ಇಲ್ಲದ ಅಕ್ಕ

...ಅಲ್ಲ ಮುನೀರಾ, ಬೇರೆಲ್ಲ ಆಮೇಲೆ, ಮೊದಲು ಆ ಒಂಟೆ ವಿಷಯ ಹೇಳು. ಸಿನಿಮಾದಲ್ಲಿ ನಮ್ಮನೆ ಬಾಗಿಲಿಗೆ ಒಂಟೆ ಯಾಕೆ ಕಟ್ಟಿದ್ರು? ಅಜ್ಜನ ಕಾಲದಲ್ಲೂ ಆ ಮನೇಲಿದ್ದದ್ದು ನಾಲ್ಕು ಆಡು, ಒಂದು ಕತ್ತೆ. ಆ ಕತ್ತೆನೂ ಕುಂಟು. ಸಿನಿಮಾದೋರು ಒಂಟೆ ಕಟ್ಟಿದ್ದೂ ಅಲ್ಲದೆ ಅದರ ಪಕ್ಕ ಒಬ್ಬ ಮುದುಕನ್ನ ಕೂರಿಸಿ, ಅವನ ಕೈಗೊಂದು ಜಪಮಾಲೆ ಬೇರೆ ಕೊಟ್ಟಿದಾರೆ. ಯಾರೇ ಆ ಮುದುಕ? ನಮ್ಮ ಕಡೆಯೋನಂತೂ ಅಲ್ಲ. ಬುರೈದಾದೋನಿರಬೇಕು, ಮುಖ ಹಾಗೇ ಇತ್ತು.

ನಗ್ತೀಯಾ? ನಗು ನಗು. ಎರಡು ವಾರದಿಂದ ಈ ಊರಲ್ಲಿ ಯಾರೂ ನಕ್ಕಿಲ್ಲ, ನೀನಾದ್ರೂ ನಗು.

ಕಾಫಿ ಇನ್ನೊಂದು ಚೂರು ಹಾಕು. ಏಲಕ್ಕಿ ಹದವಾಗಿದೆ. ಈ ಕ್ಲೇಜಾ ಬಿಸ್ಕತ್ತು ತಗೋ, ಬೆಳಿಗ್ಗೆ ನಾನೇ ಮಾಡಿದ್ದು, ಖರ್ಜೂರ ಜಾಸ್ತಿ ತುಂಬಿದೀನಿ ನಿಂಗೆ ಅಂತ. ಅಕ್ಕ ಬರಿಗೈಲಿ ಬಂದ್ಲು ಅನ್ನಬಾರದಲ್ಲ.

ನಾನು ಸಿನಿಮಾ ನೋಡಿದೆನಾ ಅಂತ ಹುಬ್ಬು ಎತ್ತಬೇಡ. ನಾನೆಲ್ಲಿ ನೋಡ್ಲಿ? ಈ ಊರಲ್ಲಿ ಯಾರೂ ನೋಡಿಲ್ಲ. ಪಕ್ಕದ ಮನೆ ಉಮ್ಮು ಧಾರಿ ಇದಾಳಲ್ಲ, ಅವಳು ಚಾನೆಲ್ ಬದಲಾಯಿಸ್ತಾ ಇದ್ದಾಗ ಒಂದು ಕ್ಷಣ ಕಣ್ಣಿಗೆ ಬಿತ್ತಂತೆ ಅಷ್ಟೆ. ಪಾಪ, ಎರಡು ಗಂಟೆ ಹೊತ್ತು ಚಾನೆಲ್ ಬದಲಾಯಿಸ್ತಾನೇ ಇದ್ಲು ಅನ್ಸತ್ತೆ, ಮೊದಲಿಂದ ಕೊನೆವರೆಗೆ ಕಥೆ ಬಾಯಿಪಾಠ. ಅವಳ ಗಂಡ ನೀರಿನ ಟ್ಯಾಂಕಿನ ಹಿಂದೆ ಡಿಶ್ ಬಚ್ಚಿಟ್ಟಿರೋದು ಬೀದಿಗೆಲ್ಲ ಗೊತ್ತು, ಅವರಿಗೆ ಮಾತ್ರ ಅದು ಗುಟ್ಟು. ಇನ್ನು ಮಸೀದೀಲಿ ಸಿನಿಮಾ ಬಂದ ವಾರದ ಶುಕ್ರವಾರ ಮುಕ್ಕಾಲು ಗಂಟೆ ಅದರ ಮೇಲೇ ಪ್ರವಚನ. ಪರದೇಶದೋರು ನಮ್ಮ ಹೆಣ್ಣುಮಕ್ಕಳ ಹೆಸರಲ್ಲಿ ನಮ್ಮ ಮಾನ ಕಳೀತಿದಾರೆ, ಯಾರೂ ನೋಡಬೇಡಿ ಅಂತ. ಅಲ್ಲಿವರೆಗೆ ಅರ್ಧ ಊರಿಗೆ ಆ ಸಿನಿಮಾ ಬಂದಿರೋದೇ ಗೊತ್ತಿರ್ಲಿಲ್ಲ. ಮಾರನೇ ದಿನ ತರಕಾರಿ ಅಂಗಡಿಯೋನು ಸೌತೆಕಾಯಿ ಬುಟ್ಟಿ ಕೆಳಗೆ ಸೀಡಿ ಮಾರಕ್ಕಿಟ್ಟಿದ್ದ.

ಹ್ಞೂಂ ಮತ್ತೆ, ನಾನೂ ತಗೊಂಡೆ. ಸೌತೆಕಾಯಿನೂ ತಗೊಂಡೆ, ನಿಯತ್ತಿಗೆ.

ನೋಡು, ಭಯ ಬೀಳಬೇಡ. ನಿಂಗೆ ಗೊತ್ತಿರಲಿ ಅಂತ ಹೇಳ್ತಿದೀನಿ. ಆ ಸಿನಿಮಾದಲ್ಲಿ ಐದು ಜನ ಹೆಂಗಸರು ಕತ್ತಲಲ್ಲಿ ಕೂತು ತಮ್ಮ ಕಥೆ ಹೇಳ್ತಾರಲ್ಲ, ಅವರು ಹೇಳಿದ್ದನ್ನ ಆಮೇಲೆ ನಟನಟಿಯರು ಆಡಿ ತೋರಿಸ್ತಾರಲ್ಲ, ಅದರಲ್ಲಿ ಮೂರನೆಯೋಳು ನೀನು ಅಂತ ನಂಗೆ ಒಂದೇ ನಿಮಿಷಕ್ಕೆ ಗೊತ್ತಾಯ್ತು. ಮುಖಕ್ಕೆ ನೆರಳು ಹಾಕಿದ್ರು, ಸರಿ. ಧ್ವನಿನೂ ಬದಲಾಯಿಸಿದ್ರು, ಬಾವಿಯೊಳಗೆ ಬಗ್ಗಿ ಮಾತಾಡ್ದ ಹಾಗಿತ್ತು. ಆದ್ರೆ ಕೈ? ಮಾತಾಡೋವಾಗ ಹೆಬ್ಬೆರಳಲ್ಲಿ ಒಂದೊಂದೇ ಬೆರಳು ಮುಟ್ಟುತ್ತಾ ಹೋಗ್ತೀಯಲ್ಲ, ಮಗ್ಗಿ ಹೇಳೋ ಮಕ್ಕಳ ಥರ. ಆ ಕೈಗೆ ಮೊದಲನೇ ಸಲ ಗೋರಂಟಿ ಹಚ್ಚಿದೋಳು ನಾನು. ನಂಗೆ ಗೊತ್ತಾಗಲ್ವಾ?

ಎರಡು ವರ್ಷದ ಹಿಂದೆ ಹಲ್ಲು ತೋರಿಸಬೇಕು ಅಂತ ನೀನು ನಿನ್ನ ಗಂಡನ ಜೊತೆ ಬಹ್ರೇನಿಗೆ ಹೋಗಿದ್ದೆ. ಆಗಲೇ ಅನ್ಕೊಂಡೆ, ಒಂದು ದವಡೆ ಹಲ್ಲಿಗೆ ಸಮುದ್ರ ದಾಟ್ತಾರೇನೇ ಅಂತ. ಬೈರೂತಿಂದ ಬಂದಿದ್ದ ಆ ಸಿನಿಮಾ ಮಾಡೋ ಹೆಂಗಸು ನಿನ್ನ ಅಲ್ಲೇ ಕೂರಿಸಿಕೊಂಡು ಮಾತಾಡಿಸಿದ್ಲು ಅಲ್ವಾ? ಹೇಳೋದು ಬೇಡ ಬಿಡು. ನಾನು ಯಾರಿಗೂ ಬಾಯಿ ಬಿಟ್ಟಿಲ್ಲ. ಆದ್ರೆ ಬೀದಿಗೆ ನನ್ನ ಬಾಯಿ ಬೇಕಾಗಿಲ್ಲವಲ್ಲ. ಇಪ್ಪತ್ತೆರಡು ವರ್ಷದ ಹಿಂದೆ ಪರೀಕ್ಷೇಲಿ ಇಡೀ ಜಿಲ್ಲೆಗೇ ಮೊದಲು ಬಂದ ಹುಡುಗಿ, ತಂದೆ ಇಲ್ಲ, ಹಾಸಿಗೆ ಹಿಡಿದ ತಾಯಿ, ಪಂಪ್ ರಿಪೇರಿ ಅಂಗಡಿ ಇಟ್ಟ ಅಣ್ಣ... ಹಾಗೆ ಎಷ್ಟು ಜನ ಇರ್ತಾರೆ ಈ ಊರಲ್ಲಿ? ನೋಡಿದ ರಾತ್ರಿನೇ ಎಲ್ಲರಿಗೂ ಗೊತ್ತಾಯ್ತು. ನಿನ್ನ ಮುಂದೆ ಯಾರೂ ಹೇಳಲ್ಲ ಅಷ್ಟೆ. ನಿನ್ನ ಜೊತೆ ಪಾಠ ಮಾಡೋ ಟೀಚರುಗಳು ಕೂಡ, ನೀನು ಒಳಗೆ ಬಂದ ತಕ್ಷಣ ಮಾತು ಮಳೆ ಕಡೆಗೆ ತಿರುಗಿಸ್ತಾರಂತೆ. ಈ ಊರಲ್ಲಿ ಮಳೆ!

ನಂಗೆ ನಿನ್ನ ಮೇಲೆ ಸಿಟ್ಟಿಲ್ಲ ಕಣೆ. ಇದ್ದರೆ ಒಂದೇ ವಿಷಯಕ್ಕೆ. ಆ ಕಥೆಯಲ್ಲಿ ನಾನೇ ಇಲ್ಲ. ಅಮ್ಮ ಇದಾಳೆ, ಅದೂ ಎಂಥ ಅಮ್ಮ, ಎದೆ ಬಡ್ಕೊಂಡು ಅಳ್ತಾಳೆ. ನಮ್ಮಮ್ಮನಿಗೆ ಬಲಗೈ ಎತ್ತಕ್ಕೆ ಆಗ್ತಿರ್ಲಿಲ್ಲ, ಎದೆ ಎಲ್ಲಿ ಬಡ್ಕೋತಾಳೆ? ಅಣ್ಣ ಇದಾನೆ. ಒಂಟೆ ಇದೆ. ಅಕ್ಕ ಎಲ್ಲಿ? ಗಂಡ ಎರಡನೇ ಮದುವೆ ಮಾಡ್ಕೊಂಡ ಮೇಲೆ ಇಪ್ಪತ್ತಾರನೇ ವಯಸ್ಸಿಗೆ ವಾಪಸ್ ಬಂದು ಅದೇ ಮನೇಲಿ ಬಿದ್ದಿದ್ದ ಅಕ್ಕ ತುರ್ಫಾ ಎಲ್ಲಿ? ಸಿನಿಮಾದೋರು ಕತ್ತರಿಸಿದ್ರೋ, ನೀನೇ ಹೇಳಲಿಲ್ವೋ?

ನಿಂಗೆ ಹೇಳಬೇಕು ಅನ್ನಿಸಲಿಲ್ವಾ? ಸರಿ. ಹೇಳೋ ಅಂಥದ್ದು ನನ್ನ ಹತ್ರ ಏನಿತ್ತು.

ಆದ್ರೆ ನಿನ್ನ ಪಾತ್ರ ಮಾಡಿದ ಆ ಹುಡುಗಿ ಚೆನ್ನಾಗಿದಾಳಪ್ಪ. ಮೂಗು ಎಷ್ಟು ನೇರ. ನಿನ್ನ ಮೂಗಿಗೆ ಯಾರೋ ತುಂಬಾ ದಯೆ ತೋರಿಸಿದಾರೆ. ಅವಳು ಅಷ್ಟೊಂದು ಅತ್ತರೂ ಕಣ್ಣಿನ ಕಾಡಿಗೆ ಒಂದು ಗೆರೆ ಇಳೀಲಿಲ್ಲ, ಅದ್ಯಾವ ಕಾಡಿಗೆ ಅಂತ ಕೇಳಿ ಹೇಳು ನಂಗೆ. ಮತ್ತೆ ಮನೆ ಒಳಗೆ, ತಾಯಿ ಮುಂದೆ, ಒಬ್ಬಳೇ ಮಲಗೋವಾಗಲೂ ಮುಖದ ಪರದೆ ತೆಗೆಯಲ್ಲ. ಅನ್ನ ಹೇಗೆ ತಿಂತಾಳೆ ಅಂತ ಉಮ್ಮು ಧಾರಿ ಇವತ್ತಿಗೂ ಯೋಚಿಸ್ತಿದಾಳೆ.

ಸರಿ. ನಾಯಿಫ್ ವಿಷಯಕ್ಕೆ ಬರ್ತೀನಿ. ಮುಖ ತಿರುಗಿಸಬೇಡ. ಅಣ್ಣನ ಹೆಸರು ಹೇಳಿದ್ರೆ ನಿನ್ನ ಮುಖ ಇಪ್ಪತ್ತೆರಡು ವರ್ಷದಿಂದ ಹೀಗೇ ತಿರುಗೋದು. ಹಬ್ಬಕ್ಕೆ ಬರ್ತೀಯ, ಸಲಾಂ ಹೇಳ್ತೀಯ, ಅವನ ಮಕ್ಕಳ ತಲೆ ನೇವರಿಸ್ತೀಯ, ಒಂದು ಫಿಂಜಾನ್ ಕಾಫಿ ಕುಡಿದು ಹೊರಡ್ತೀಯ. ನಾನು ಅದೇ ಮನೇಲಿರೋಳು, ಎಲ್ಲ ನೋಡಿದೀನಿ.

ಅವನು ಈ ಊರಿಗೆ ಮುಖ ತೋರಿಸಿ ಹತ್ತು ದಿನ ಆಯ್ತು. ಅಂಗಡಿ ಬಾಗಿಲು ಎಳೆದಿದಾನೆ. ಶುಕ್ರವಾರದ ನಮಾಜಿಗೂ ದೂರದ ಮಸೀದಿಗೆ ಹೋಗಿದ್ದ, ಇಲ್ಲಿ ಹೋಗಕ್ಕೆ ಮುಖ ಇಲ್ಲ ಅಂತ. ತಮಾಷೆ ಕೇಳು, ಅರ್ಧ ಊರು ಅವನನ್ನ ಬೈಯೋದು ತಂಗಿಯ ಬದುಕು ಹಾಳು ಮಾಡಿದ ಅಂತ. ಇನ್ನರ್ಧ ಊರು ಅವನ ಬೆನ್ನು ತಟ್ಟೋದು, ಭೇಷ್, ಹೆಣ್ಣುಮಗಳನ್ನ ರಿಯಾದಿನ ಹಾಸ್ಟೆಲಿಗೆ ಕಳಿಸಲಿಲ್ಲ, ಗಂಡಸು ಅಂದ್ರೆ ನೀನು ಅಂತ. ಬೈದೋರ ಮಾತು ಅವನು ನುಂಗ್ಕೊಂಡ. ಬೆನ್ನು ತಟ್ಟಿದೋರ ಮಾತು ನುಂಗಕ್ಕಾಗಲಿಲ್ಲ. ಆವತ್ತೇ ಅಂಗಡಿ ಮುಚ್ಚಿದ್ದು.

ಯಾರಿಗೂ ಒಂದು ಮಾತು ತಿರುಗಿ ಹೇಳಿಲ್ಲ. ಹೆಂಡತಿ ಕೇಳಿದ್ಲು, ಮಗ ಕೇಳಿದ. ಉಹ್ಞೂಂ. ನನ್ನ ಹತ್ರ ಮಾತ್ರ ಬಂದ. ನಿನ್ನೆ ಮಧ್ಯಾಹ್ನ, ಊಟ ಆದ ಮೇಲೆ, ಅಡುಗೆಮನೆ ಬಾಗಿಲಲ್ಲಿ ನಿಂತು, ಮುನೀರಾನ ಒಂದು ಮಾತು ಕೇಳ್ಕೊಂಡು ಬಾ ಅಂದ. ಅದಕ್ಕೇ ಬಂದಿರೋದು ನಾನು.

ಏನು ಮಾತು ಅಂದ್ರೆ... ಇರು, ಹೇಳ್ತೀನಿ. ಅವಸರ ಏನು. ಕ್ಲೇಜಾ ತಿನ್ನು.

ಇಲ್ಲ, ಸುಳ್ಳು ಹೇಳಿದೆ ಅಂತ ಒಪ್ಕೋ ಅಂತಲ್ಲ. ಅದನ್ನ ಅವನು ಕೇಳೋನೂ ಅಲ್ಲ. ಸಿನಿಮಾದಲ್ಲಿ ನೀನು ನಿನ್ನ ಬಾಯಲ್ಲಿ ಹೇಳಿದ್ದು ಇಷ್ಟೇ ಅಂತ ನಂಗೊತ್ತು. ಮೆಡಿಕಲ್ ಕಾಲೇಜಿಂದ ಪತ್ರ ಬಂತು ಅಂತ ಶಾಲೆಯ ದೊಡ್ಡ ಟೀಚರು ಹೇಳಿದ್ರು, ಪತ್ರ ಬರೋದು ಅಣ್ಣನ ಅಂಗಡಿ ವಿಳಾಸಕ್ಕೆ, ಆದ್ರೆ ಆ ಪತ್ರವನ್ನ ನಾನು ಕಣ್ಣಲ್ಲೂ ನೋಡಲಿಲ್ಲ, ಅಣ್ಣನ್ನ ಕೇಳೋ ಧೈರ್ಯನೂ ಬರಲಿಲ್ಲ ಅಂತ. ಇಷ್ಟೇ. ಉಳಿದಿದ್ದೆಲ್ಲ ಅವರು ಕಟ್ಟಿದ್ದು. ಅಣ್ಣ ಮೀಸೆ ತಿರುವೋದು, ಅಂಗಳದಲ್ಲಿ ನಿನ್ನ ಮುಂದೆ ನಿಂತು ಪತ್ರ ಹರಿಯೋದು, ಚೂರುಗಳು ಗಾಳೀಲಿ ಪಾರಿವಾಳದ ಥರ ಹಾರೋದು. ಏನು ಪತ್ರ ಅದು, ಬೆಳ್ಳಗೆ ಫಳಫಳ ಅಂತ, ಚಿನ್ನದ ಮುದ್ರೆ ಬೇರೆ, ರಾಜಕುಮಾರಿ ಮದುವೆ ಕರೆಯೋಲೆ ಇದ್ದ ಹಾಗೆ. ನಂಗೆ ನಗು ಬಂತು. ಅದೊಂದು ಮಾಮೂಲಿ ಕಂದು ಲಕೋಟೆ. ಒಂದು ಮೂಲೆ ಸ್ವಲ್ಪ ಹರಿದಿತ್ತು. ಹಿಂದೆ ಕಪ್ಪಗೆ ಗ್ರೀಸಿನ ಹೆಬ್ಬೆಟ್ಟು, ನಾಯಿಫ್ ಪಂಪ್ ಬಿಚ್ತಿದ್ದ ಕೈಯಲ್ಲೇ ಹಿಡ್ಕೊಂಡು...

ಏನು?

ಯಾಕೆ ಫಿಂಜಾನ್ ಕೆಳಗಿಟ್ಟೆ?

ಅಲ್ಲ... ಸರ್ಕಾರದ ಲಕೋಟೆ ಎಲ್ಲ ಕಂದೇ ಇರತ್ತಲ್ಲ, ಅದಕ್ಕೇ ಹೇಳಿದೆ. ಗ್ರೀಸು... ಅವನ ಕೈ ಯಾವತ್ತು ತಾನೇ ಶುದ್ಧವಾಗಿತ್ತು, ರೊಟ್ಟಿ ಮೇಲೂ ಅವನ ಹೆಬ್ಬೆಟ್ಟು ಇರ್ತಿತ್ತು, ನೆನಪಿಲ್ವಾ ನಿಂಗೆ? ನಾನು ಸುಮ್ನೆ ಊಹೆ ಮೇಲೆ...

ಹಾಗೆ ನೋಡಬೇಡ ಮುನೀರಾ.

ಅಮ್ಮ ಹೀಗೇ ನೋಡ್ತಿದ್ಲು. ಮಾತು ಹೋದ ಮೇಲೆ. ನಾನು ಏನೇ ತಪ್ಪು ಮಾಡಿದ್ರೂ ಆ ಹಾಸಿಗೆಯಿಂದ ಹೀಗೇ, ಕಣ್ಣು ಮಿಟುಕಿಸದೆ.

ಆಯ್ತು. ಆಯ್ತಮ್ಮ.

ಆವತ್ತು ಮಧ್ಯಾಹ್ನದ ನಮಾಜ್ ಆಗಿತ್ತು. ನೀನು ಒಳಗೆ ಅಮ್ಮನಿಗೆ ಮೈ ಒರೆಸ್ತಿದ್ದೆ. ನಾಯಿಫ್ ಬಾಗಿಲು ತಟ್ಟಿ, ಒಳಗೆ ಬರದೆ ಅಲ್ಲೇ ನಿಂತು, ಒಂದು ಕೈಯಲ್ಲಿ ರೊಟ್ಟಿ, ಒಂದು ಕೈಯಲ್ಲಿ ಆ ಲಕೋಟೆ ಚಾಚಿದ. ಮುನೀರಾಗೆ ಕೊಡು, ಒಳಗಿದ್ದ ಒಪ್ಪಿಗೆ ಕಾಗದಕ್ಕೆ ಸಹಿ ಹಾಕಿದೀನಿ, ಹದಿನೈದು ದಿನದೊಳಗೆ ವಾಪಸ್ ಕಳಿಸಬೇಕಂತೆ ಅಂದ. ಹೌದು, ಸಹಿ ಹಾಕಿದ್ದ. ಮೊದಲು ಗೊಣಗಿದ್ದು ನಿಜ, ಹುಡುಗಿ ಊರು ಬಿಟ್ಟು ಹಾಸ್ಟೆಲಲ್ಲಿ ಹೇಗಿರ್ತಾಳೆ ಅಂತ. ಆಮೇಲೆ ಒಪ್ಪಿದ್ದ. ಒಪ್ಪಿದ್ದನ್ನ ನಿಂಗೆ ಹೇಳಕ್ಕೆ ಅವನಿಗೆ ನಾಚಿಕೆ. ಹೋಗೋಕೆ ಮುಂಚೆ ಒಂದು ಸಲ ತಿರುಗಿ ನಿಂತು, ಹಾಸ್ಟೆಲಲ್ಲಿ ಚಳಿ ಇರತ್ತಂತೆ, ಅವಳಿಗೊಂದು ದಪ್ಪ ಕಂಬಳಿ ನೋಡ್ತೀನಿ ಅಂದ.

ಆ ಹಸಿರು ಕಂಬಳಿ ಅದೇ. ಅವನು ತಂದಾಗ ನೀನು ಹೊದೀಲಿಲ್ಲ, ತಗೊಂಡು ಅಮ್ಮನ ಕಾಲ ಮೇಲೆ ಹಾಕಿದೆ.

ನಾನು ಕೊಡಲಿಲ್ಲ. ಇಷ್ಟೇ ಕಣೆ. ನಾನು ಕೊಡಲಿಲ್ಲ.

ನನ್ನ ಹಾಸಿಗೆ ಕೆಳಗಿಟ್ಟೆ. ನಾಳೆ ಕೊಡೋಣ, ನಾಳೆ ಕೊಡೋಣ ಅಂತ. ನಂಬ್ತೀಯೋ ಬಿಡ್ತೀಯೋ, ಹದಿನಾಲ್ಕನೇ ದಿನ ಕೈಯಲ್ಲಿ ಹಿಡ್ಕೊಂಡು ನಿನ್ನ ಹತ್ರ ಬಂದೆ. ನೀನು ಅಂಗಳದಲ್ಲಿ ಅಮ್ಮನ ಬಟ್ಟೆ ಹಿಂಡ್ತಿದ್ದೆ, ಏನೋ ಗುನುಗ್ತಿದ್ದೆ. ಬೆನ್ನು ನನ್ನ ಕಡೆಗಿತ್ತು. ನೀನು ತಿರುಗಲಿಲ್ಲ. ತಿರುಗಿದ್ದಿದ್ರೆ ಕೊಡ್ತಿದ್ದೆನೋ ಏನೋ. ವಾಪಸ್ ಹೋದೆ. ಎರಡು ದಿನ ಬಿಟ್ಟು ಆ ಲಕೋಟೆನ ರೊಟ್ಟಿ ಸುಡೋ ಒಲೆಗೆ ಹಾಕಿದೆ.

ಮುಂದಿನ ವಾರ ನಾಯಿಫ್ ಕೇಳಿದ, ಏನಂದ್ಲು ಅಂತ. ಅಮ್ಮನ್ನ ಬಿಟ್ಟು ಹೋಗಲ್ವಂತೆ ಅಂದೆ. ಒಳ್ಳೆ ಹುಡುಗಿ ಅಂದ. ಅಷ್ಟೆ. ಆವತ್ತಿಂದ ಈವರೆಗೆ ಅವನು ಅದನ್ನೇ ನಂಬಿರೋದು, ತಂಗಿ ತಾಯಿಗೋಸ್ಕರ ಎಲ್ಲ ಬಿಟ್ಲು ಅಂತ. ಹೆಂಡತಿ ಮಕ್ಕಳ ಮುಂದೆ ಎಷ್ಟು ಸಲ ಹೇಳಿದಾನೆ ಗೊತ್ತಾ. ನೀನು ಮುಖ ತಿರುಗಿಸಿದಾಗೆಲ್ಲ, ಡಾಕ್ಟರ್ ಆಗಬೇಕಾದೋಳು, ಬೇಜಾರಿರತ್ತೆ ಬಿಡಿ ಅಂತಿದ್ದ.

ನಿನ್ನೆ ಅಡುಗೆಮನೆ ಬಾಗಿಲಲ್ಲಿ ನಿಂತಾಗ ಮೊದಲು ನನ್ನನ್ನೇ ಕೇಳಿದ. ಆ ಲಕೋಟೆ ಅವಳ ಕೈಗೆ ಕೊಟ್ಟಿದ್ದೆ ತಾನೇ ಅಂತ. ಕೊಟ್ಟಿದ್ದೆ ಅಂದೆ. ನಲವತ್ತೆಂಟು ವರ್ಷ ನಂಗೆ, ನಡು ಬಾಗಿದೆ, ಇನ್ನೂ ಕೊಟ್ಟಿದ್ದೆ ಅಂದೆ. ಆಗ ಅವನು, ಹಾಗಾದ್ರೆ ಹೋಗಿ ಕೇಳ್ಕೊಂಡು ಬಾ, ನಾನು ಅವಳಿಗೇನು ಮಾಡಿದ್ದೆ ಅಂತ ಹೀಗಂದ್ಲು ಅಂತ. ಇದೇ ಅವನ ಮಾತು. ತಂಗಿ ಸುಳ್ಳಿ ಅಂತ ಊರ ಮುಂದೆ ಹೇಳಬೇಕಾಗತ್ತೆ ಅಂತ ಬಾಯಿ ಮುಚ್ಕೊಂಡು ಕೂತಿದಾನೆ ಅವನು.

ಅಮ್ಮನಿಗೋಸ್ಕರ ಮಾಡಿದೆ ಮುನೀರಾ. ಯೋಚನೆ ಮಾಡು, ಎರಡೆರಡು ಗಂಟೆಗೆ ಮಗ್ಗಲು ತಿರುಗಿಸಬೇಕಿತ್ತು ಅವಳನ್ನ. ನನ್ನೊಬ್ಬಳ ಕೈಲಿ ಆಗ್ತಿತ್ತಾ? ನೀನು ರಿಯಾದಿಗೆ ಹೋಗಿದ್ರೆ ಬೆನ್ನು ಹುಣ್ಣಾಗಿ ಒಂದೇ ವರ್ಷಕ್ಕೆ...

ಬೈಯೇ. ಆ ಕ್ಲೇಜಾ ಡಬ್ಬಿ ತಗೊಂಡು ಮುಖಕ್ಕೆ ಎಸಿ.

ಸರಿ. ಅಮ್ಮನಿಗೋಸ್ಕರ ಅಲ್ಲ. ಅಂದ್ರೆ, ಅದೂ ಹೌದು. ನಾಯಿಫ್ ಅಮ್ಮನ್ನ ನೋಡ್ಕೊಳ್ಳಕ್ಕೆ ಒಬ್ಬ ಕೆಲಸದೋಳನ್ನ ಇಡ್ತೀನಿ ಅಂದಿದ್ದ, ನಾನೇ ಬೇಡ ಅಂದಿದ್ದೆ. ಹಾಗಾಗಿ ಅಮ್ಮನ ಮಾತು ಬಿಡು.

ಲಕೋಟೆ ಮೇಲೆ ನಿನ್ನ ಹೆಸರಿತ್ತು. ಅಪ್ಪನ ಹೆಸರೂ ಸೇರಿ, ಮುನೀರಾ ಬಿಂತ್ ಸಾಲಿಹ್. ಟೈಪ್ ಮಾಡಿದ್ದು, ದಪ್ಪ ಅಕ್ಷರ. ಹಾಸಿಗೆ ಕೆಳಗಿಂದ ತೆಗೆದು ತೆಗೆದು ಅದನ್ನೇ ಓದ್ತಿದ್ದೆ. ನನ್ನನ್ನ ಐದನೇ ಕ್ಲಾಸಿಗೇ ಶಾಲೆ ಬಿಡಿಸಿದ್ರಲ್ಲ, ಅಷ್ಟು ಓದಕ್ಕೆ ಐದನೇ ಕ್ಲಾಸು ಸಾಕಿತ್ತು. ನನ್ನ ಮದುವೆ ಕಾರ್ಡಲ್ಲಿ ಏನು ಬರೆದಿದ್ರು ಗೊತ್ತಾ ನಿಂಗೆ? ನೀನು ಚಿಕ್ಕೋಳು, ಮರೆತಿರ್ತೀಯ. ಮದುಮಗನ ಹೆಸರು, ಅವನಪ್ಪನ ಹೆಸರು, ನಮ್ಮಪ್ಪನ ಹೆಸರು, ಆಮೇಲೆ 'ಅವರ ಮಗಳು'. ಅಷ್ಟೆ. ಮಗಳು. ಯಾರ ಮದುವೆ ಅಂತ ನಂಗೇ ಅನುಮಾನ ಬರಬೇಕು. ತುರ್ಫಾ ಬಿಂತ್ ಸಾಲಿಹ್ ಅಂತ ಪೂರ್ತಿ ಬರೆದಿದ್ದ ಕಾಗದ ನನ್ನ ಪಾಲಿಗೆ ಒಂದೇ ಒಂದು ಬಂದದ್ದು, ತಲಾಖಿನದು. ಅದಾಗಿ ಇನ್ನೂ ನಾಲ್ಕು ತಿಂಗಳು, ಆವತ್ತು ನಿನ್ನ ಲಕೋಟೆ ನನ್ನ ಕೈಗೆ ಬಂತು.

ಇದನ್ನ ಯಾರಿಗೂ ಹೇಳಿಲ್ಲ. ನಂಗೆ ನಾನೇ ಹೇಳ್ಕೊಂಡಿಲ್ಲ.

ಕ್ಷಮಿಸು ಅಂತ ಕೇಳಕ್ಕೆ ಬಂದಿರ್ಲಿಲ್ಲ, ನಿಜ ಹೇಳ್ತೀನಿ. ತಮಾಷೆ ಮಾಡಿ, ನಿನ್ನ ನಗಿಸಿ, ಸಿನಿಮಾದೋರ ಮೇಲೆ ಎಲ್ಲ ಹಾಕಿ, ಅವಳೇನೂ ಹೇಳಲಿಲ್ಲ ಕಣೋ ಅಂತ ನಾಯಿಫ್‌ಗೆ ಹೇಳಿದ್ರಾಯ್ತು ಅಂತ ಬಂದಿದ್ದೆ. ದಾರೀಲಿ ಅದನ್ನೇ ಅಭ್ಯಾಸ ಮಾಡ್ಕೊಂಡು ಬಂದೆ. ನಿನ್ನ ಶಾಲೆ ಮುಂದೆ ಕಾರು ಹಾದು ಬಂತು. ಒಳಗೆ ನೀನು ಪ್ಲಾಸ್ಟಿಕ್ಕಿನ ಹೃದಯ ಬಿಚ್ಚಿ ಜೋಡಿಸಿ ಹುಡುಗಿಯರಿಗೆ ತೋರಿಸ್ತೀಯಂತೆ, ಉಮ್ಮು ಧಾರಿ ಮಗಳು ಹೇಳ್ತಿದ್ಲು, ಅವಳೂ ಡಾಕ್ಟರ್ ಆಗಬೇಕಂತೆ, ಮುನೀರಾ ಟೀಚರ್ ಹೇಳಿದಾರೆ ಅಂತ. ಅಭ್ಯಾಸ ಮಾಡಿದ್ದು ಅಲ್ಲೇ ಅರ್ಧ ಮರೆತೋಯ್ತು.

ಎಲ್ಲಿಗೆ ಎದ್ದೆ?

ಮುನೀರಾ... ಬಾಗಿಲು ಹಾಕ್ಕೋಬೇಡ. ಅಳೋದಾದ್ರೆ ಇಲ್ಲೇ ಅಳು, ನನ್ನ ಮುಂದೆ.

ಓ. ನನ್ನ ಅಬಾಯ ತಂದ್ಯಾ, ಹಾಕ್ಕೊಂಡು ಹೊರಡು ಅಂತ.

ಸರಿ. ನ್ಯಾಯವೇ. ಹೋಗ್ತೀನಿ. ಡಬ್ಬಿ ಇಲ್ಲೇ ಇರಲಿ, ನಿನ್ನ ಗಂಡ ಬಂದರೆ ತಿಂತಾನೆ. ನಾನಿನ್ನು ಬರಲ್ಲ, ಬಂದ್ರೂ ಬಾಗಿಲು ತೆಗೀಬೇಡ, ನಾನೇ...

ಇದೇನು, ಇನ್ನೊಂದು ಯಾರದು? ನಿಂದಾ? ನೀನ್ಯಾಕೆ ಹಾಕ್ಕೋತಿದೀಯ?

ನಾಯಿಫ್ ಮನೆಗಾ?

ಈಗಲೇ? ಅವನು ನಿದ್ದೆ ಮಾಡ್ತಿರ್ತಾನೆ ಈ ಹೊತ್ತಲ್ಲಿ. ಇಲ್ಲ, ಹತ್ತು ದಿನದಿಂದ ಅವನೆಲ್ಲಿ ನಿದ್ದೆ ಮಾಡಿದಾನೆ. ಎದ್ದೇ ಇರ್ತಾನೆ. ಕಾರು ಹೊರಗೇ ಇದೆ, ಡ್ರೈವರ್‌ಗೆ ಕಾಯಕ್ಕೆ ಹೇಳಿದ್ದೆ.

ನೀನೇ ಹೇಳ್ತೀಯಾ ಅವನಿಗೆ? ...ಇಲ್ಲ. ನಾನೇ ಹೇಳಬೇಕು. ಗೊತ್ತು, ಗೊತ್ತು, ಹಾಗೆ ನೋಡಬೇಡ. ನಾನೇ ಹೇಳ್ತೀನಿ. ಅವನ ಹೆಂಡತಿ ಮಕ್ಕಳ ಮುಂದೆನೇ ಹೇಳ್ತೀನಿ, ಬೇಕಾದ್ರೆ ಬೀದೀಲೂ ಹೇಳ್ತೀನಿ. ನೀನು ಪಕ್ಕದಲ್ಲಿ ಕೂತಿದ್ರೆ ಸಾಕು. ಪಕ್ಕದಲ್ಲಿ ಬೇಡ ಅಂದ್ರೆ ಎದುರಿಗೆ ಕೂತ್ಕೋ.

ಆದ್ರೆ ಹೇಗೆ ಶುರು ಮಾಡ್ಲಿ? ಬಾಗಿಲಲ್ಲಿ ಅವನು ನಿನ್ನ ನೋಡ್ತಾನೆ, ನನ್ನ ನೋಡ್ತಾನೆ, ಏನಂದ್ಲು ಅಂತ ಕೇಳ್ತಾನೆ. ಆಗ ನಾನು ಮೊದಲನೇ ಮಾತು ಏನು ಹೇಳ್ಲಿ? ನೀನು ಓದಿದೋಳು, ಅದೊಂದಾದ್ರೂ ಹೇಳಿಕೊಡೇ.

ಆಗಲೇ ಬಾಗಿಲು ತೆಗೆದ್ಯಾ.

ಆಯ್ತು. ನಡಿ.